ಆಟದ ಮರುದಿನ



ನಿಮ್ಮದು ಯಾವ ಊರು ಎಂದು ಯಾರಾದರೂ ಕೇಳಿದಾಗ ನಾನು ‘ಅರಸೀಕೆರೆ’ ಎನ್ನುತ್ತೇನೆ. ಕೇಳಿದವರು ತಕ್ಷಣ ‘ಓಹೋ, ಜಂಕ್ಷನ್!’ ಎನ್ನುತ್ತಾರೆ. ಆ ರೈಲು ಜಂಕ್ಷನ್ ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ನಮ್ಮ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದರೂ ನಮ್ಮ ಸೀಮೆಯಲ್ಲಿ ಬದಲಾಗದೆ ಉಳಿದದ್ದು ಒಂದುಂಟು. ಅದು ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ದೊಡ್ಡಾಟ. ಅದರ ಮಾತನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮೂರಿನಿಂದ ಬಹುದೂರದಲ್ಲಿ, ಪರದೇಶದಲ್ಲಿ ನಾನು ಮಾಡಿಕೊಂಡ ಒಂದು ಎಡವಟ್ಟನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ಒಂದೇ ದಿನಕ್ಕೆ ಎರಡು ಆಸೆಗಳು ಗಂಟುಬಿದ್ದ ಅನುಭವ ನಿಮಗೂ ಇರಬಹುದು. ನಾಳೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮ್ಮ ನೃತ್ಯವಿದೆ, ಇಂದು ರಾತ್ರಿ ಗೆಳತಿಯ ಅಕ್ಕನ ಮದುವೆಯ ಆರತಕ್ಷತೆ ಇದೆ. ನಾಳೆ ಕಾಲೇಜಿನ ಪಂದ್ಯವಿದೆ, ಇಂದು ರಾತ್ರಿ ಊರಿನಲ್ಲಿ ತೇರು. ಎರಡೂ ಬೇಕು, ಎರಡನ್ನೂ ಬಿಡಲಾಗದು. ಹಿರಿಯರನ್ನು ಕೇಳಿದರೆ ಒಂದನ್ನು ಬಿಡು ಎನ್ನುತ್ತಾರೆ. ಮನಸ್ಸನ್ನು ಕೇಳಿದರೆ ಎರಡಕ್ಕೂ ಹೋಗು ಎನ್ನುತ್ತದೆ. ಇವರಿಬ್ಬರ ನಡುವೆ ನಾವು ಕೇಳಲು ಮರೆಯುವ ಮೂರನೆಯ ಸಾಕ್ಷಿಯೊಬ್ಬರಿದ್ದಾರೆ. ಅದು ನಮ್ಮ ದೇಹ. ಅದರ ಮಾತನ್ನು ಇಂದು ಸ್ವಲ್ಪ ಕೇಳೋಣ.

ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿದವಳು. ಜೊತೆಜೊತೆಗೆ ಭರತನಾಟ್ಯ ಕಲಿತೆ. ಆಮೇಲೆ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಣದ ಒಂದು ವರ್ಷದ ಕೋರ್ಸಿಗಾಗಿ ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋದೆ. ಅದು ಭಾರತೀಯರು ಬಹಳ ಸಂಖ್ಯೆಯಲ್ಲಿರುವ ಊರು. ದೀಪಾವಳಿಗೆ ಅಲ್ಲಿನ ಬೆಲ್‌ಗ್ರೇವ್ ರಸ್ತೆಯ ತುಂಬ ದೀಪಗಳನ್ನು ಹಚ್ಚುತ್ತಾರೆ. ಅಲ್ಲಿ ಕೆಲವು ಕನ್ನಡ ಕುಟುಂಬಗಳ ಪರಿಚಯವಾಯಿತು. ಅವರ ಮಕ್ಕಳಿಗೆ ವಾರಕ್ಕೊಮ್ಮೆ ಅಡವುಗಳನ್ನು ಹೇಳಿಕೊಡತೊಡಗಿದೆ.

ಇಂಗ್ಲೆಂಡಿನಲ್ಲಿ ನಮ್ಮ ನೃತ್ಯ ಹೊಸದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲ್ 1939ರಲ್ಲೇ ಲಂಡನ್ನಿನ ರಂಗದ ಮೇಲೆ ಕುಣಿದು ಹೆಸರಾದರು, ಮುಂದೆ ಅಲ್ಲೇ ನೆಲೆಸಿ 2003ರಲ್ಲಿ ತೀರಿಕೊಂಡರು. ಲಂಡನ್ನಿನ ಭಾರತೀಯ ವಿದ್ಯಾಭವನದಲ್ಲಿ ನಮ್ಮ ಶಿವಮೊಗ್ಗದ ಬಳಿಯ ಮತ್ತೂರಿನವರಾದ ಮತ್ತೂರು ಕೃಷ್ಣಮೂರ್ತಿಯವರು ಬಹಳ ವರ್ಷ ದುಡಿದು ಸಂಗೀತ, ನೃತ್ಯ, ಸಂಸ್ಕೃತದ ಪಾಠಗಳನ್ನು ಬೆಳೆಸಿದರು. ಇಂಥ ಹಿರಿಯರು ಹಾಕಿದ ದಾರಿಯಲ್ಲಿ ನಾನು ಒಬ್ಬ ಸಣ್ಣ ದಾರಿಹೋಕಳು, ಅಷ್ಟೆ.

ಪರದೇಶದಲ್ಲಿರುವ ನಮ್ಮವರ ಬದುಕಿನ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಿ. ನಮ್ಮ ಹಬ್ಬಗಳು ಪಂಚಾಂಗದಂತೆ ಬರುತ್ತವೆ. ಯುಗಾದಿ ಸೋಮವಾರವೂ ಬರಬಹುದು, ಗುರುವಾರವೂ ಬರಬಹುದು. ಅಲ್ಲಿ ಅಂದು ರಜೆ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಬೇವು ಬೆಲ್ಲ ತಿಂದು ಕೆಲಸಕ್ಕೆ ಹೋಗಿ, ಸಭೆ, ಊಟ, ಹಾಡು, ನೃತ್ಯವನ್ನೆಲ್ಲ ಮುಂದಿನ ಶನಿವಾರ ಅಥವಾ ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ. ಇತ್ತ ಆ ದೇಶದ ತರುಣರು ವಾರವೆಲ್ಲ ದುಡಿದು ಗೆಳೆಯರೊಡನೆ ಹೊರಗೆ ಸುತ್ತಾಡುವುದೂ ಶುಕ್ರವಾರ, ಶನಿವಾರದ ರಾತ್ರಿಗಳಲ್ಲೇ. ಹೀಗೆ ಎರಡು ಸಂಸ್ಕೃತಿಗಳ ಸಂತೋಷಗಳೂ ಅದೇ 48 ಗಂಟೆಗಳೊಳಗೆ ತುರುಕಿಕೊಳ್ಳಬೇಕಾಗುತ್ತದೆ. ಎರಡೂ ಕಡೆ ಕಾಲಿಟ್ಟವರಿಗೆ ಡಿಕ್ಕಿ ತಪ್ಪಿದ್ದಲ್ಲ.

2007ರಲ್ಲಿ ಯುಗಾದಿ ವಾರದ ಆರಂಭದಲ್ಲೇ ಬಂದಿತ್ತು. ಆದ್ದರಿಂದ ಕಾರ್ಯಕ್ರಮ ಮಾರ್ಚ್ 25ರ ಭಾನುವಾರ ಮಧ್ಯಾಹ್ನ 3 ಗಂಟೆಗೆ ಎಂದು ನಿಶ್ಚಯವಾಯಿತು. ನಾನು ಮತ್ತು ಮೂವರು ಹುಡುಗಿಯರು ಸೇರಿ ಒಂದು ತಿಲ್ಲಾನ ಮಾಡಬೇಕು. ಮುಂದೆ ನಾನು, ನನ್ನ ಹಿಂದೆ ಹತ್ತು ವರ್ಷದ ಹುಡುಗಿ, ಆಚೀಚೆ ಇಬ್ಬರು. ಬೆಳಿಗ್ಗೆ 9ಕ್ಕೆ ಹಾಲ್‌ಗೆ ಬಂದು ರಂಗದ ಮೇಲೆ ಒಮ್ಮೆ ನಡೆದು ಅಳತೆ ನೋಡಿಕೊಳ್ಳಬೇಕು ಎಂದು ಮಾತಾಗಿತ್ತು.

ಅದೇ ವಾರ ನನ್ನ ಸಹಪಾಠಿಯೊಬ್ಬಳಿಗೆ ಕೀನ್ಯಾದಿಂದ ಫೋನ್ ಬಂತು. ತಂದೆಗೆ ಕಾಯಿಲೆ. ಅವಳು ಓದನ್ನು ಅರ್ಧಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆಯ ವಿಮಾನಕ್ಕೆ ಹೊರಡುವವಳಿದ್ದಳು. ನಾನು ಆ ದೇಶಕ್ಕೆ ಬಂದ ಮೊದಲ ವಾರ ಚಳಿಯಲ್ಲಿ ನಡುಗುತ್ತಿದ್ದಾಗ ತನ್ನ ಕೋಟು ಕೊಟ್ಟವಳು ಅವಳು. ಶನಿವಾರ ರಾತ್ರಿ ನಾವು ಏಳು ಜನ ಅವಳೊಡನೆ ಊಟ ಮಾಡಿ, ಊರು ಸುತ್ತಿ ಬೀಳ್ಕೊಡುವುದೆಂದು ಗೊತ್ತಾಯಿತು. ಹೋಗದಿರುವುದು ಹೇಗೆ? ಅದು ಬರೀ ಮೋಜಿನ ಮಾತಾಗಿರಲಿಲ್ಲ. ಇನ್ನೆಂದೂ ಕಾಣಲಾರದ ಒಬ್ಬ ಗೆಳತಿಗೆ ಕೊಡುವ ರಾತ್ರಿ ಅದು.

ಹೋದೆ. ಊಟ, ಹಾಡು, ನಡಿಗೆ, ಮತ್ತೆ ಚಹಾ, ಮತ್ತೆ ನಡಿಗೆ. ಕೋಣೆಗೆ ಮರಳಿದಾಗ ನನ್ನ ಕೈಗಡಿಯಾರದಲ್ಲಿ ಬೆಳಗಿನ 4 ಗಂಟೆ. 8ಕ್ಕೆ ಅಲಾರಂ ಇಟ್ಟು ಮಲಗಿದೆ. ನಾಲ್ಕು ಗಂಟೆ ನಿದ್ದೆಯಾದರೂ ಆದೀತು ಎಂಬ ಸಮಾಧಾನ. ಅಲಾರಂ ಹೊಡೆದ ಐದು ನಿಮಿಷಕ್ಕೆ ಫೋನ್ ಬಂತು: ‘ಎಲ್ಲಿದ್ದೀರಿ? ಮಕ್ಕಳು ಕಾಯುತ್ತಿದ್ದಾರೆ. ಗಂಟೆ ಒಂಬತ್ತಾಯಿತು.’

ನನ್ನ ಗಡಿಯಾರ ಕೆಟ್ಟಿರಲಿಲ್ಲ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ರಾತ್ರಿ 1 ಗಂಟೆಯಾದಾಗ ಇಡೀ ದೇಶದ ಗಡಿಯಾರಗಳನ್ನು ಒಮ್ಮೆಲೇ 2 ಗಂಟೆಗೆ ತಿರುಗಿಸುತ್ತಾರೆ. ಬೇಸಿಗೆಯ ಸಂಜೆಯ ಬೆಳಕನ್ನು ಬಳಸಿಕೊಳ್ಳಲೆಂದು 1916ರಿಂದ ಬಂದ ಪದ್ಧತಿ ಅದು. ಭಾರತಕ್ಕೂ ಅವರಿಗೂ ಚಳಿಗಾಲದಲ್ಲಿ ಐದೂವರೆ ಗಂಟೆಯ ಅಂತರ, ಬೇಸಿಗೆಯಲ್ಲಿ ನಾಲ್ಕೂವರೆ. ನಮ್ಮಲ್ಲೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆದರೆ ಅದು ಅಜ್ಜ ಅಜ್ಜಿಯರ ಕಾಲದ ಮಾತು. ನನಗೆ ಅದರ ಅಭ್ಯಾಸವಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದೆ, ಮರೆತಿದ್ದೆ. ನಾವು ನಗುತ್ತ ಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ಗಂಟೆ ಸದ್ದಿಲ್ಲದೆ ಕಳೆದುಹೋಗಿತ್ತು.

ಓಡಿದೆ. ರಂಗದ ಮೇಲೆ ನಡೆದು ನೋಡುವ ಹೊತ್ತು ಮೀರಿತ್ತು. ಮಕ್ಕಳಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಮೂರು ಲೋಟ ಕಾಫಿ ಕುಡಿದು ನಿಂತೆ. ತಿಲ್ಲಾನ ಚೆನ್ನಾಗಿಯೇ ಶುರುವಾಯಿತು. ತಿಲ್ಲಾನದಲ್ಲಿ ಅಡವುಗಳ ಒಂದು ಗುಚ್ಛ ಮೂರು ಸಲ ಬಂದು, ಮೂರನೆಯದರ ಕೊನೆಗೆ ಪಾದ ಸರಿಯಾಗಿ ಸಮದ ಮೇಲೆ ಬೀಳುವ ಜಾಗಗಳಿರುತ್ತವೆ. ಅಂಥ ಒಂದು ಜಾಗದಲ್ಲಿ ನಾನು ಎರಡಕ್ಕೇ ನಿಂತುಬಿಟ್ಟೆ. ನನ್ನ ಕಣ್ಣು ತೆರೆದೇ ಇತ್ತು, ತಾಳ ಕೇಳುತ್ತಲೇ ಇತ್ತು. ಮೂರನೆಯದು ಮಾತ್ರ ಎಲ್ಲಿಗೋ ಹೋಗಿತ್ತು. ನನ್ನನ್ನೇ ನೋಡಿ ಹೆಜ್ಜೆ ಹಾಕುತ್ತಿದ್ದ ಹಿಂದಿನ ಹುಡುಗಿಯೂ ನಿಂತಳು. ಆಚೀಚೆಯ ಇಬ್ಬರು ಸರಿಯಾಗಿಯೇ ಮುಂದುವರಿದು ಅವಳಿಗೆ ಡಿಕ್ಕಿ ಹೊಡೆದರು. ಆ ಮಗು ಬಿತ್ತು. ತಕ್ಷಣ ಎದ್ದು ಕುಣಿಯಿತು. ಸಭಿಕರು ಚಪ್ಪಾಳೆ ತಟ್ಟಿದರು. ಒಳಗೆ ಬಂದ ಮೇಲೆ ಅವಳು ಅಳುತ್ತ ಕೇಳಿದಳು: ‘ಅಕ್ಕಾ, ನಾನು ಎಲ್ಲಿ ತಪ್ಪಿದೆ?’

ನಾನು ‘ಪರವಾಗಿಲ್ಲ ಪುಟ್ಟಿ, ಆಗುತ್ತೆ’ ಎಂದೆ. ಮಿತ್ರರೆ, ಈ ಉತ್ತರವನ್ನು ನೆನಪಿಡಿ. ಕೊನೆಯಲ್ಲಿ ಇದರ ಬಳಿಗೆ ಮತ್ತೆ ಬರುತ್ತೇನೆ.

ಈಗ ವಿಜ್ಞಾನದ ಕಡೆ ಹೊರಳೋಣ. ನನ್ನ ಮೂರನೆಯ ಹೆಜ್ಜೆ ಎಲ್ಲಿಗೆ ಹೋಯಿತು?

ನಿಮ್ಮ ಮನೆಯ ಬದಿಯಲ್ಲಿ ಮುಟ್ಟಿದರೆ ಮುನಿ ಗಿಡ ಇರಬಹುದು. ಸಂಜೆಯಾದರೆ ಅದು ಮುಟ್ಟದಿದ್ದರೂ ಎಲೆ ಮಡಚುತ್ತದೆ, ಬೆಳಗಾದರೆ ಬಿಡಿಸುತ್ತದೆ. ಬಿಸಿಲಿನಿಂದಲೇ ಹೀಗಾಗುತ್ತದೆಯೇ ಎಂದು ನೋಡಲು ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ 1729ರಲ್ಲಿ ಇಂಥದೊಂದು ಗಿಡವನ್ನು ಕತ್ತಲೆಯಲ್ಲಿಟ್ಟು ಪರೀಕ್ಷಿಸಿದ. ಕತ್ತಲೆಯಲ್ಲೂ ಗಿಡ ಹಗಲಾದಾಗ ಎಲೆ ಬಿಡಿಸಿತು, ರಾತ್ರಿಯಾದಾಗ ಮಡಚಿತು. ಅಂದರೆ ಗಿಡದೊಳಗೇ ಒಂದು ಗಡಿಯಾರವಿದೆ ಎಂದಾಯಿತು. ಅಂಥ ಗಡಿಯಾರ ನಮ್ಮೊಳಗೂ ಇದೆ. ಕಣ್ಣಿನಿಂದ ಹೊರಟ ಎರಡು ನರಗಳು ಮಿದುಳಿನ ಅಡಿಯಲ್ಲಿ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಸಣ್ಣ ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದೇ. ಅದರ ಒಂದು ಸುತ್ತು 24 ಗಂಟೆಗಿಂತ ಹತ್ತಾರು ನಿಮಿಷ ಹೆಚ್ಚು. ಪ್ರತಿದಿನ ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ಅದನ್ನು ಸರಿಮಾಡುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣದಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಗಡಿಯಾರ ಇಡೀ ದಿನ ಒಂದೇ ಸಮನೆ ನಮ್ಮನ್ನು ಎಚ್ಚರವಾಗಿಡುವುದಿಲ್ಲ. ನಡುರಾತ್ರಿಯ ನಂತರ ಎಚ್ಚರ ಬಹಳ ಇಳಿಯುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಂದು ಸಣ್ಣ ಇಳಿತವಿದೆ. ಊಟದ ನಂತರದ ತರಗತಿಯಲ್ಲಿ ತೂಕಡಿಸುವವರಿಗೆ ಇದನ್ನು ಹೇಳಬೇಕಾಗಿಲ್ಲ! ನಮ್ಮ ತಿಲ್ಲಾನ ಇದ್ದದ್ದು ಆ ಇಳಿತದ ನಟ್ಟನಡುವೆ.

ಇದು ಒಂದು ಲೆಕ್ಕ. ಎರಡನೆಯದು ಸಾಲದ ಲೆಕ್ಕ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸೇರುತ್ತ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಈ ಅಡಿನೊಸಿನ್ ಬಾಗಿಲು ತಟ್ಟುವುದನ್ನು ತಡೆಯುತ್ತದೆಯೇ ಹೊರತು ಅದನ್ನು ಹೊರಗೆ ಹಾಕುವುದಿಲ್ಲ. ಸಾಲ ಹಾಗೆಯೇ ಇರುತ್ತದೆ, ಸಾಲಗಾರನ ಕೂಗು ಕೇಳದಂತೆ ಕಿವಿಗೆ ಹತ್ತಿ ಇಟ್ಟಂತೆ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಹಾಗಾಗಿ ಸಂಜೆ ಕುಡಿದ ಕಾಫಿ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ.

ಈ ಸಾಲ ಎಷ್ಟು ಭಾರ? 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಆಸ್ಟ್ರೇಲಿಯದಲ್ಲಿ ಅದನ್ನು ತೂಗಿ ನೋಡಿದರು. ಒಂದೇ ಸಮನೆ 17 ಗಂಟೆ ಎಚ್ಚರವಿದ್ದವರ ಕಣ್ಣು ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05 ಮದ್ಯಸಾರ ಇರುವವರಷ್ಟೇ ಕುಂದಿತ್ತು. 24 ಗಂಟೆಗೆ ಅದು ಶೇಕಡ 0.10ರ ಮಟ್ಟ ಮುಟ್ಟಿತು. ನಮ್ಮ ದೇಶದ ಕಾನೂನು ವಾಹನ ಓಡಿಸುವವರಿಗೆ ಇಟ್ಟಿರುವ ಮಿತಿ ಶೇಕಡ 0.03. ಒಂದು ಹನಿ ಮದ್ಯ ಮುಟ್ಟದೆಯೂ, ಬರೀ ನಿದ್ದೆಗೆಟ್ಟು, ನಾವು ಆ ಸ್ಥಿತಿಗೆ ಬರುತ್ತೇವೆ. ತೇರು ನೋಡಿ ಬೆಳಗಿನ ಜಾವ ಮೋಟಾರ್ ಸೈಕಲ್ ಏರುವ ಅಣ್ಣಂದಿರು ಇದನ್ನು ದಯವಿಟ್ಟು ಗಮನಿಸಬೇಕು. ನನಗೆ ಒಂದು ಹೆಜ್ಜೆ ತಪ್ಪಿತು. ಅಂಥ ಹೊತ್ತಿನಲ್ಲಿ ರಸ್ತೆಯ ಮೇಲೆ ತಪ್ಪುವುದು ಪ್ರಾಣ.

ಇನ್ನು ಹೆಜ್ಜೆಯ ವಿಷಯ. ನಿದ್ದೆಗೆಟ್ಟ ಮಿದುಳು ಒಮ್ಮೆಲೇ ಮಲಗುವುದಿಲ್ಲ. ಬಹಳ ಹೊತ್ತು ಎಚ್ಚರವಾಗಿರಿಸಿದ ಇಲಿಗಳ ಮಿದುಳಿನ ಕೆಲವು ನರಕೋಶಗಳು, ಇಲಿ ಓಡಾಡುತ್ತಿರುವಾಗಲೇ, ಕ್ಷಣಕಾಲ ಕೆಲಸ ನಿಲ್ಲಿಸುವುದನ್ನು 2011ರಲ್ಲಿ ವಿಜ್ಞಾನಿಗಳು ಕಂಡರು. ಆಗ ಸಕ್ಕರೆಯ ಗುಳಿಗೆಯ ಕಡೆ ಕೈ ಚಾಚಿದ ಇಲಿ ಗುರಿ ತಪ್ಪುವುದು ಹೆಚ್ಚಾಯಿತು. ನನ್ನ ಮೂರನೆಯ ಹೆಜ್ಜೆಗೂ ಇಂಥದೇ ಏನೋ ಆಗಿರಬೇಕು.

ನೃತ್ಯದಲ್ಲಿ ಇದು ಇನ್ನೂ ಕಠಿಣ. ಒಂದು ತಾಳದ ಪೆಟ್ಟಿಗೆ ಮುಕ್ಕಾಲು ಸೆಕೆಂಡು ಎಂದಿಟ್ಟುಕೊಳ್ಳಿ. ಮೂರನೆಯ ಕಾಲದಲ್ಲಿ ಆ ಅವಧಿಯಲ್ಲಿ ನಾಲ್ಕು ತಟ್ಟು ಬೀಳಬೇಕು. ತಟ್ಟಿನಿಂದ ತಟ್ಟಿಗೆ ಸಿಗುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಕಣ್ಣಿನಿಂದ ಕಂಡು ಕೈಕಾಲು ಆಡಿಸಲು ಆರೋಗ್ಯವಂತನಿಗೂ ಸುಮಾರು ಅಷ್ಟೇ ಕಾಲ ಬೇಕು. ಅಂದರೆ ಈ ವೇಗದಲ್ಲಿ ಕಲಾವಿದೆ ತಾಳವನ್ನು ಕೇಳಿ ಹೆಜ್ಜೆ ಹಾಕುತ್ತಿಲ್ಲ, ಮುಂದಿನದು ಏನೆಂದು ಮೊದಲೇ ತಿಳಿದು ಹಾಕುತ್ತಿದ್ದಾಳೆ. ನೆನಪು ಒಂದು ಕ್ಷಣ ಕೈಕೊಟ್ಟರೆ ತಿದ್ದಿಕೊಳ್ಳಲು ಸಮಯವೇ ಇಲ್ಲ.

ಆ ನೆನಪಾದರೂ ಗಟ್ಟಿಯಾಗುವುದು ಯಾವಾಗ? 2002ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಕೆಲವರಿಗೆ ಬೆರಳುಗಳಿಂದ ಒಂದು ಕ್ರಮದಲ್ಲಿ ಕೀಲಿಗಳನ್ನು ಒತ್ತುವುದನ್ನು ಕಲಿಸಿದರು. ಹಗಲೆಲ್ಲ ಎಚ್ಚರವಿದ್ದು ಮತ್ತೆ ಮಾಡಿದಾಗ ಹೇಳಿಕೊಳ್ಳುವ ಸುಧಾರಣೆ ಇರಲಿಲ್ಲ. ರಾತ್ರಿ ನಿದ್ದೆ ಮಾಡಿ ಎದ್ದಾಗ ವೇಗ ಸುಮಾರು ಶೇಕಡ 20ರಷ್ಟು ಹೆಚ್ಚಿತ್ತು, ತಪ್ಪುಗಳು ಹೆಚ್ಚಿರಲಿಲ್ಲ. ನಡುವೆ ಅಭ್ಯಾಸವೇನೂ ಮಾಡಿರಲಿಲ್ಲ, ನಿದ್ದೆ ಮಾತ್ರ. ಅದಕ್ಕೂ ಮೊದಲು, 2000ದಲ್ಲಿ, ಸ್ಟಿಕ್‌ಗೋಲ್ಡ್ ಎಂಬವರು ಕಣ್ಣಿನಿಂದ ಗುರುತಿಸುವ ಒಂದು ಕೆಲಸವನ್ನು ಕಲಿಸಿ ನೋಡಿದ್ದರು. ಕಲಿತ ದಿನದ ರಾತ್ರಿಯೇ ನಿದ್ದೆಗೆಟ್ಟವರಿಗೆ, ಆಮೇಲೆ ಎರಡು ರಾತ್ರಿ ಚೆನ್ನಾಗಿ ಮಲಗಿದರೂ, ಆ ಸುಧಾರಣೆ ಬರಲಿಲ್ಲ. ನಾನು ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಮಕ್ಕಳೊಡನೆ ಕೊನೆಯ ಅಭ್ಯಾಸ ಮಾಡಿ, ಆ ತಿಲ್ಲಾನಕ್ಕೆ ಒಂದು ಹೊಸ ತಿರುವು ಸೇರಿಸಿದ್ದೆ. ಅದು ನೆನಪಿನಲ್ಲಿ ಬೇರು ಬಿಡಬೇಕಾದ ರಾತ್ರಿಯನ್ನೇ ನಾನು ಬೇರೆಡೆ ಕಳೆದೆ. ಹೆಜ್ಜೆ ತಪ್ಪಿದ್ದು ಆ ತಿರುವಿನ ಪಕ್ಕದಲ್ಲೇ.

ಹಾಗಾದರೆ ರಾತ್ರಿ ಎಚ್ಚರವಿರುವುದೇ ತಪ್ಪೆ? ಹಾಗೆಂದರೆ ನಮ್ಮ ಸೀಮೆಯ ದೊಡ್ಡಾಟ ನೂರಾರು ವರ್ಷ ಹೇಗೆ ನಡೆಯಿತು?

ನಮ್ಮ ಅಜ್ಜ ದೊಡ್ಡಾಟದಲ್ಲಿ ಭೀಮನ ವೇಷ ಹಾಕುತ್ತಿದ್ದರು. ಹಗಲು ಹೊಲದ ಕೆಲಸ, ಸುಗ್ಗಿಯ ನಂತರ ರಾತ್ರಿ ಉಂಡ ಮೇಲೆ ತಾಲೀಮು. ಆಟ ಕಲಿಸುವ ಮಾಸ್ತರರು ಬಂದು ಎರಡು ಮೂರು ತಿಂಗಳು ಮಾತು, ಪದ, ಕುಣಿತ ಎಲ್ಲವನ್ನೂ ತಿದ್ದುತ್ತಿದ್ದರು. ಆಟದ ದಿನ ಮರದ ಭುಜಕೀರ್ತಿ, ಕಿರೀಟ, ಎದೆಕಟ್ಟು ಧರಿಸಿ, ಮದ್ದಳೆಯ ಪೆಟ್ಟಿಗೆ ಅಟ್ಟ ನಡುಗುವಂತೆ ಕುಣಿಯುತ್ತಿದ್ದರು. ರಾತ್ರಿ 10ಕ್ಕೆ ಗಣಪತಿಯ ಸ್ತುತಿಯಿಂದ ಆರಂಭವಾದರೆ, ಮಂಗಳ ಹಾಡುವಾಗ ಪೂರ್ವ ದಿಕ್ಕು ಕೆಂಪಾಗಿರುತ್ತಿತ್ತು. ಅಜ್ಜ ಹೆಜ್ಜೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ಭಾನುವಾರ ರಾತ್ರಿ ಕಾರ್ಡು ಹಾಕಿ ಊರಿಗೆ ಫೋನ್ ಮಾಡಿ ನಡೆದದ್ದನ್ನು ಅಜ್ಜನಿಗೆ ಹೇಳಿದೆ. ಊರಲ್ಲಿ ಆಗ ಬೆಳಗಿನ ಜಾವ. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: ‘ಆಟ ಆಡಿದ ಮರುದಿನ ಯಾರಾರ ಎತ್ತು ಹೂಡ್ತಾರೇನವ್ವಾ?’

ಆ ಮಾತು ಬಹಳ ದಿನ ನನ್ನ ತಲೆಯಲ್ಲಿ ಕುಳಿತಿತ್ತು. ಆಮೇಲೆ ಒಂದೊಂದಾಗಿ ನೆನಪಾಯಿತು. ಆಟದ ದಿನ ವೇಷಧಾರಿಗಳು ಹೊಲಕ್ಕೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ಉಂಡು ಕತ್ತಲೆಯ ಕೋಣೆಯಲ್ಲಿ ಮಲಗುತ್ತಿದ್ದರು. ಯಾವ ಪಾತ್ರವೂ ರಾತ್ರಿಯಿಡೀ ಅಟ್ಟದ ಮೇಲಿರುವುದಿಲ್ಲ. ತನ್ನ ಸರದಿ ಮುಗಿದವನು ಪರದೆಯ ಹಿಂದೆ ವೇಷದಲ್ಲೇ ಗೋಡೆಗೊರಗಿ ಒಂದು ಜೊಂಪು ತೆಗೆಯುತ್ತಿದ್ದ. ತಿಂಗಳುಗಟ್ಟಲೆ ತಾಲೀಮು ರಾತ್ರಿಯೇ ನಡೆದಿದ್ದರಿಂದ ಅವರ ಒಳಗಿನ ಗಡಿಯಾರವೂ ಆ ಹೊತ್ತಿಗೆ ಒಗ್ಗಿರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಮರುದಿನ. ಆಟ ನೋಡಿದ ಊರೆಲ್ಲ ಮಧ್ಯಾಹ್ನದವರೆಗೆ ಮಲಗಿರುತ್ತಿತ್ತು. ಎತ್ತುಗಳಿಗೂ ಅಂದು ಬಿಡುವು. ಶಾಲೆಯ ಗಂಟೆ ತಡವಾಗಿ ಹೊಡೆದರೂ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಮೇಷ್ಟ್ರೂ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು.

ನೋಡಿ, ಅಲ್ಲಿ ಇಡೀ ಊರು ಒಟ್ಟಾಗಿ ತನ್ನ ಗಡಿಯಾರವನ್ನು ತಿರುಗಿಸುತ್ತಿತ್ತು. ರಾತ್ರಿಯ ಜೊತೆಗೆ ಅದರ ಮರುದಿನವನ್ನೂ ಸೇರಿಸಿಯೇ ‘ಆಟ’ ಎನ್ನುತ್ತಿದ್ದರು. ಪರದೇಶದಲ್ಲಿ, ಅಥವಾ ಊರು ಬಿಟ್ಟು ಹಾಸ್ಟೆಲಿನಲ್ಲಿ, ನಮಗಾಗಿ ಯಾರೂ ಗಡಿಯಾರ ತಿರುಗಿಸುವುದಿಲ್ಲ. ರಾತ್ರಿ ಜೊತೆಗಿದ್ದ ಏಳು ಜನರಲ್ಲಿ ಆರು ಜನ ಭಾನುವಾರ ಮಧ್ಯಾಹ್ನದವರೆಗೆ ಮಲಗಿದರು. ಮರುದಿನವಿಲ್ಲದ ರಾತ್ರಿಯನ್ನು ಕೊಂಡವಳು ನಾನೊಬ್ಬಳೇ.

ಎರಡನ್ನೂ ಮಾಡಲು ಸಾಧ್ಯವಿತ್ತೆ? ಸಾಧ್ಯವಿತ್ತು. ಈಗ ಕೂತು ಲೆಕ್ಕ ಹಾಕಿದರೆ ಹೀಗಾಗುತ್ತದೆ. ಹೊಸ ತಿರುವನ್ನು ಗುರುವಾರವೇ ಕಲಿಸಿ ಮುಗಿಸಬೇಕಿತ್ತು, ಅದಕ್ಕೆ ಎರಡು ರಾತ್ರಿಯ ನಿದ್ದೆ ಸಿಗುತ್ತಿತ್ತು. ಶನಿವಾರ ಮಧ್ಯಾಹ್ನ ಅಭ್ಯಾಸ ಮುಗಿದ ಮೇಲೆ ಒಂದೂವರೆ ಗಂಟೆ ಮಲಗಬೇಕಿತ್ತು. ನಿದ್ದೆಯ ಒಂದು ಸುತ್ತು ಸುಮಾರು ಅಷ್ಟೇ ಉದ್ದ. ಸಂಜೆಯೇ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕಿತ್ತು. ಊಟಕ್ಕೆ ಬೇಗ ಹೋಗಿ, ಗೆಳತಿಯ ಪಕ್ಕದಲ್ಲೇ ಕೂತು, ಹೊಸ ಗಡಿಯಾರದಂತೆ 12ಕ್ಕೆ ಎದ್ದು ಬರಬೇಕಿತ್ತು. ಭಾನುವಾರ ಸಂಜೆ, ಕಾರ್ಯಕ್ರಮ ಮುಗಿದ ಮೇಲೆ, ಅವಳ ಪೆಟ್ಟಿಗೆ ಕಟ್ಟಲು ಹೋಗಬಹುದಿತ್ತು. ನಿಜಕ್ಕೂ ಅವಳಿಗೆ ಜನ ಬೇಕಾಗಿದ್ದದ್ದು ಆ ಸಂಜೆ. ಅಂದು ಅವಳ ಕೋಣೆಗೆ ಯಾರೂ ಹೋಗಲಿಲ್ಲ. ನಾನು 6 ಗಂಟೆಗೆ ಬಿದ್ದು ಮಲಗಿದವಳು ಎದ್ದಾಗ ಹತ್ತೂವರೆ. ಅಜ್ಜನೊಡನೆ ಮಾತಾಡಿ ಅವಳ ಬಾಗಿಲ ಬಳಿ ಹೋದರೆ ಒಳಗೆ ದೀಪ ಆರಿತ್ತು.

ರಾತ್ರಿ ತಡವಾಗಿಯೇ ಹೋಯಿತು ಎನ್ನಿ, ಆಗ ಮರುದಿನದ ಹೊರೆಯನ್ನಾದರೂ ಇಳಿಸಬೇಕಿತ್ತು. ‘ನಾನು ಸರಿಯಾಗಿ ಮಲಗಿಲ್ಲ, ಹೊಸ ತಿರುವು ಬಿಟ್ಟುಬಿಡೋಣ’ ಎಂದು ಮಕ್ಕಳಿಗೆ ಹೇಳಬಹುದಿತ್ತು. ಬಣ್ಣ ಹಚ್ಚುವ ಮೊದಲು 20 ನಿಮಿಷ ಕಣ್ಣು ಮುಚ್ಚಬಹುದಿತ್ತು. ಇಷ್ಟು ಸಣ್ಣ ಜೊಂಪು ಎಚ್ಚರವನ್ನು ಚುರುಕುಗೊಳಿಸುತ್ತದೆ, ಗಾಢ ನಿದ್ದೆಯಿಂದ ಎದ್ದ ಮಂಪರನ್ನೂ ತರುವುದಿಲ್ಲ. ಮೂರು ಲೋಟ ಕಾಫಿಗಿಂತ ಅದು ಮೇಲಾಗುತ್ತಿತ್ತು.

ನಿಮಗೊಂದು ವಿಶೇಷ ಕಷ್ಟವೂ ಇದೆ. ಹದಿಹರೆಯದಲ್ಲಿ ಒಳಗಿನ ಗಡಿಯಾರ ತಾನಾಗಿ ತಡವಾಗುತ್ತದೆ. ರಾತ್ರಿ ಬೇಗ ನಿದ್ದೆ ಬಾರದಿರುವುದು ನಿಮ್ಮ ಸೋಮಾರಿತನದಿಂದಲ್ಲ. ಆದರೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ, ಶಾಲೆಯ ಗಂಟೆಯಂತೂ ಕಾಯುವುದಿಲ್ಲ. ಅಂಥದರಲ್ಲಿ ಮಲಗುವ ಹೊತ್ತಿಗೆ ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ. ಬೆಳಿಗ್ಗೆ ಎದ್ದೊಡನೆ ಅಂಗಳಕ್ಕೆ ಬಂದು ಬಿಸಿಲಿಗೆ ಮುಖ ಕೊಡಿ. ಅದನ್ನು ಮುಂದಕ್ಕೆ ತಳ್ಳುವ ಕೈ ಅದೇ.

ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಮನೆಯಲ್ಲೇ ಅಳೆದು ನೋಡಿ. 30 ಸೆಂಟಿಮೀಟರಿನ ಸ್ಕೇಲನ್ನು ಗೆಳೆಯನೊಬ್ಬ ನೆಟ್ಟಗೆ ಹಿಡಿಯಲಿ, ಸೊನ್ನೆ ಕೆಳಗಿರಲಿ. ನೀವು ಹೆಬ್ಬೆರಳು, ತೋರುಬೆರಳುಗಳನ್ನು ಸೊನ್ನೆಯ ಆಚೀಚೆ ತೆರೆದಿಡಿ, ಸ್ಕೇಲನ್ನು ಮುಟ್ಟಬೇಡಿ. ಅವನು ಹೇಳದೆ ಬಿಡಬೇಕು, ನೀವು ಹಿಡಿಯಬೇಕು. ಎಷ್ಟು ಸೆಂಟಿಮೀಟರಿನಲ್ಲಿ ಹಿಡಿದಿರಿ ಎಂದು ಬರೆದುಕೊಳ್ಳಿ. ಗುರುತ್ವದಿಂದ ಬೀಳುವ ವಸ್ತುವಿನ ಲೆಕ್ಕ ನಿಮಗೆ ಗೊತ್ತೇ ಇದೆ. 15 ಸೆಂಟಿಮೀಟರ್ ಬೀಳಲು ಸುಮಾರು 0.17 ಸೆಕೆಂಡು, 20ಕ್ಕೆ 0.20, 25ಕ್ಕೆ 0.23, 30ಕ್ಕೆ 0.25. ಪ್ರತಿದಿನ ಒಂದೇ ಹೊತ್ತಿನಲ್ಲಿ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದಿರಿ ಎಂದು ಬರೆಯಿರಿ. ಎರಡು ವಾರ ಬರೆದ ಮೇಲೆ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ನೋಡಿ. ಇದಕ್ಕಾಗಿ ಬೇಕೆಂದೇ ಯಾರೂ ನಿದ್ದೆಗೆಡಬೇಡಿ. ಎರಡು ವಾರದಲ್ಲಿ ಒಂದಾದರೂ ಮದುವೆ, ಜಾತ್ರೆ, ಕ್ರಿಕೆಟ್ ಪಂದ್ಯ ಬಂದೇ ಬರುತ್ತದೆ! ಹತ್ತು ಸಲದ ಸರಾಸರಿಯನ್ನಷ್ಟೇ ನೋಡದೆ, ಎಷ್ಟು ಸಲ ಪೂರ್ತಿ ಕೈತಪ್ಪಿತು ಎಂಬುದನ್ನೂ ಗುರುತು ಹಾಕಿ. ನಿದ್ದೆಗೆಟ್ಟವರು ಪ್ರತಿಸಲವೂ ನಿಧಾನವಾಗುವುದಿಲ್ಲ. ಹಲವು ಸಲ ಸರಿಯಾಗಿಯೇ ಹಿಡಿದು, ನಡುವೆ ಒಂದು ಸಲ ಪೂರ್ತಿ ಬಿಟ್ಟುಬಿಡುತ್ತಾರೆ. ‘ನನಗೇನೂ ಆಗಿಲ್ಲ’ ಎಂಬ ಭ್ರಮೆ ಹುಟ್ಟುವುದು ಹೀಗೆಯೇ.

ಈಗ ಆ ಹುಡುಗಿಯ ಪ್ರಶ್ನೆ. ‘ಅಕ್ಕಾ, ನಾನು ಎಲ್ಲಿ ತಪ್ಪಿದೆ?’ ನಾನು ಕೊಟ್ಟ ಉತ್ತರ ಸಮಾಧಾನದಂತೆ ಕೇಳಿಸುತ್ತದೆ. ಆದರೆ ಅದರಲ್ಲಿ ತಪ್ಪು ಅವಳ ತಲೆಯ ಮೇಲೇ ಉಳಿಯಿತು. ಮುಂದಿನ ಎರಡು ವಾರ ಅವಳು ತರಗತಿಗೆ ಬರಲಿಲ್ಲ. ಮೂರನೆಯ ವಾರ ಅವರ ಮನೆಗೆ ಹೋದೆ. ಅವಳ ತಂದೆತಾಯಿಯ ಎದುರಿನಲ್ಲೇ ಹೇಳಿದೆ: ‘ನೀನು ತಪ್ಪಲಿಲ್ಲ. ನಾನು ಹಿಂದಿನ ರಾತ್ರಿ ಮಲಗಿರಲಿಲ್ಲ. ಮೂರು ಸಲ ಮಾಡಬೇಕಾದ್ದನ್ನು ಎರಡಕ್ಕೇ ನಿಲ್ಲಿಸಿದವಳು ನಾನು.’ ಹೇಳುವಾಗ ನನ್ನ ಮುಖ ಕೆಂಪಾಗಿದ್ದಿರಬೇಕು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ನಾನು ಎಣಿಸಿದ್ದೆ ಅಕ್ಕಾ, ಎರಡೇ ಆಗಿತ್ತು’ ಎಂದಳು. ಅವಳಿಗೆ ಲೆಕ್ಕ ಸರಿಯಾಗಿ ಗೊತ್ತಿತ್ತು. ಆದರೂ ತನ್ನ ಲೆಕ್ಕಕ್ಕಿಂತ ನನ್ನ ಬೆನ್ನನ್ನು ಹೆಚ್ಚು ನಂಬಿದ್ದಳು.

ಮಿತ್ರರೆ, ರಾತ್ರಿಯೂ ನಿಮ್ಮದು, ಹಗಲೂ ನಿಮ್ಮದು. ಗೆಳೆಯರೊಡನೆ ಹೋಗಿ, ಆಟ ನೋಡಿ, ಕುಣಿಯಿರಿ. ಆದರೆ ಹೊರಡುವ ಮುನ್ನ ನಾಳೆ ನನ್ನ ಬೆನ್ನನ್ನು ನೋಡಿ ಹೆಜ್ಜೆ ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಇದ್ದರೆ, ಆಟದ ಜೊತೆಗೆ ಅದರ ಮರುದಿನವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.